ಎದ್ದು ನಿಲ್ಲುವಾಗ

ಅಡ್ಡಗದ್ದೆಯ ಅಡಿಕೆ ಸುಲಿಯುವ ಚಪ್ಪರದಲ್ಲಿ ಮಾಲತಿ ಕೂತಲ್ಲಿಂದ ಏಳುವುದೆಂದರೆ ಎಲ್ಲರಿಗೂ ಒಂದು ತಮಾಷೆ. ಯಜಮಾನರ ಮನೆಯಿಂದ ಚಾ ಬಂತು ಅಂದರೆ ಉಳಿದ ಹೆಂಗಸರು ಮೆಟ್ಟುಗತ್ತಿ ಬಿಟ್ಟು ದಡಕ್ಕನೆ ಎದ್ದುಹೋಗುವರು. ಮಾಲತಿ ಮೊದಲು ಕಾಲ್ಬೆರಳು ಆಡಿಸುವಳು, ಆಮೇಲೆ ಪಾದ ತಿರುಗಿಸುವಳು, ಆಮೇಲೆ ಕಂಬ ಹಿಡಿದು ಮೆಲ್ಲಗೆ ಮೇಲಕ್ಕೆ ಬರುವಳು. ಅಷ್ಟು ಹೊತ್ತಿಗೆ ಚಾ ಆರಿರುತ್ತಿತ್ತು. "ಗಬ್ಬದ ಎಮ್ಮೆ ಆದ್ರೂ ನಿನ್ನಕಿಂತ ಬೇಗ ಏಳ್ತದೆ ಮಾರಾಯ್ತಿ" ಎಂದು ಯಾರಾದರೂ ಅಂದರೆ ಅವಳೂ ನಗುತ್ತಿದ್ದಳು. ನಲವತ್ತರ ಹತ್ತಿರದ ಹೆಣ್ಣು, ಸೊಂಟದ ನೋವಿರಬೇಕು ಎಂದು ಊರು ತಿಳಿದುಕೊಂಡಿತ್ತು.

ಕಾರಣ ಬೇರೆಯೇ ಇತ್ತು. ಅದು ಗೊತ್ತಿದ್ದದ್ದು ಅವಳ ತಾಯಿ ಕಮಲಕ್ಕನಿಗೆ ಮತ್ತು ಅಣ್ಣ ಪ್ರದೀಪನಿಗೆ. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿದವರಲ್ಲ.

ಅವರ ಸಂಸಾರ ಮೊದಲು ಬಾಳೆಹೊನ್ನೂರಿನ ಕಡೆಯ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿತ್ತು. ಮಾಲತಿಗೆ ಆಗ ಹದಿಮೂರು ಇರಬಹುದು. ಒಂದು ದಿನ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ಎದ್ದು ನಿಂತಳು. ಬಲ ಅಂಗಾಲು ಜುಮ್ಮೆಂದಿತು. ಮರುಕ್ಷಣ ಬಲಗೈ ಮಣಿಕಟ್ಟಿನಿಂದ ಒಳಕ್ಕೆ ತಿರುಚಿಕೊಂಡಿತು, ಭುಜ ಮೇಲೆದ್ದಿತು, ಬಾಯಿ ಒಂದು ಕಡೆಗೆ ಎಳೆಯಿತು. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಬಿಟ್ಟುಹೋಯಿತು. ಎಚ್ಚರ ತಪ್ಪಲಿಲ್ಲ. ಮಕ್ಕಳು ನಕ್ಕದ್ದು ಅವಳಿಗೆ ಚೆನ್ನಾಗಿ ಕೇಳಿಸಿತು. ಆಮೇಲೆ ಅದು ದಿನವೂ ಬರತೊಡಗಿತು. ಎದ್ದರೆ, ಓಡಿದರೆ, ಯಾರಾದರೂ ಥಟ್ಟನೆ ಕರೆದರೆ. ಪರಮಶಿವಯ್ಯ ಎಂಬ ನೋಟಗಾರನ ಹತ್ತಿರ ಕರೆದುಕೊಂಡು ಹೋದರು. ಆತ ಮೆಣಸಿನಕಾಯಿ ಹೊಗೆ ಹಾಕಿದ, ಲಕ್ಕಿಸೊಪ್ಪಿನ ಬರಲಿನಲ್ಲಿ ಬಡಿದ, ಹಳ್ಳದ ಕಡೆಯಿಂದ ಗಾಳಿ ಹಿಡಿದುಕೊಂಡಿದೆ ಎಂದ. ಶಾಲೆ ಬಿಡಿಸಿದರು. ಹತ್ತೊಂಬತ್ತಕ್ಕೆ ನರಸಿಂಹರಾಜಪುರದ ವಾಸಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಧಾರೆ ಮುಗಿದು ಹಸೆಯಿಂದ ಏಳುವಾಗ, ಇಡೀ ಚಪ್ಪರದ ಎದುರು, ಅವಳ ಕೈ ತಿರುಚಿತು. ಫಿಟ್ಸಿನ ಹೆಣ್ಣನ್ನು ಮುಚ್ಚಿಟ್ಟು ಕೊಟ್ಟರೆಂದು ಮೂರು ತಿಂಗಳಲ್ಲಿ ವಾಪಸು ಕಳಿಸಿದರು. ತಂದೆ ಮಂಜಯ್ಯ ಲೈನಿನವರ ಮಾತು ತಾಳಲಾರದೆ ಸಂಸಾರ ಕಟ್ಟಿಕೊಂಡು ಶೃಂಗೇರಿ ಕಡೆಗೆ ಬಂದ. ಆತ ಸತ್ತು ವರ್ಷಗಳೇ ಆಗಿದ್ದವು. ಮಾಲತಿಗೆ ಮೂವತ್ತು ದಾಟಿದ ಮೇಲೆ ಆ ತಿರುಚುವುದು ತಾನಾಗಿ ಕಡಿಮೆಯಾಗುತ್ತಾ ಬಂದು ನಿಂತುಹೋಯಿತು. ಆದರೆ ನಿಧಾನವಾಗಿ ಏಳುವ ಅಭ್ಯಾಸ ಹೋಗಲಿಲ್ಲ.

ಎರಡು ಸಾವಿರದ ಏಳನೆಯ ಇಸವಿ, ಮಳೆಗಾಲ ಶುರುವಾಗುವುದಕ್ಕೆ ಮೊದಲು, ಒಂದು ಸಂಜೆ ಮಾಲತಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಪ್ರದೀಪನ ಮಗಳು ಅರ್ಪಿತಾ ಅವಳ ಪಕ್ಕದಲ್ಲಿ ಕೂತು ಓದುತ್ತಿದ್ದಳು. ಒಳಗಿನಿಂದ ವನಜ ಮಗಳನ್ನು ಕೂಗಿದಳು: "ಅರ್ಪಿ, ಹಾಲು ಉಕ್ತಾ ಉಂಟು, ನೋಡೇ." ಹುಡುಗಿ ಜಿಗಿದೆದ್ದಳು. ಒಂದು ಹೆಜ್ಜೆ ಇಟ್ಟವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಬಲಗೈ ಒಳಕ್ಕೆ ತಿರುಗಿ ಎದೆಗೆ ಅಂಟಿಕೊಂಡಿತ್ತು. ಬೆರಳುಗಳು ಒಂದೊಂದು ದಿಕ್ಕಿಗೆ ನಿಂತಿದ್ದವು. ನೋಡುತ್ತಿದ್ದ ಹಾಗೆ ಸರಿಹೋಯಿತು. ಹುಡುಗಿ ಏನೂ ಆಗದವಳಂತೆ ಒಳಗೆ ಹೋದಳು.

ಮಾಲತಿಯ ಕೈಯಲ್ಲಿದ್ದ ಮೊರ ಹಾಗೇ ಇತ್ತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದ ಮೇಲೆ ಏನೇನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ವಾಸಿ ಅನಿಸಿತು.

ಕೆಲವು ದಿನ ಬಿಟ್ಟು ತೋಡಿನ ಹತ್ತಿರ ಬಟ್ಟೆ ಒಗೆಯುವಾಗ ಹುಡುಗಿಗೆ ಅಂದಳು: "ಏಳೂಕೆ ಮೊದ್ಲು ಕಾಲ್ಬೆರಳು ಆಡ್ಸು. ಒಂದೆರಡು ಸಲ. ಆಮೇಲೆ ಏಳು."

ಅರ್ಪಿತಾ ಅತ್ತೆಯ ಮುಖ ನೋಡಿದಳು. "ನಿಂಗೆ ಹ್ಯಾಂಗೆ ಗೊತ್ತಾಯ್ತು ಅತ್ತೆ?"

"ಗೊತ್ತಾಯ್ತು."

"ಯಾರಿಗೂ ಹೇಳ್ಬೇಡ."

"ನಾ ಯಾರಿಗೆ ಹೇಳೂದು" ಎಂದಳು ಮಾಲತಿ.

ಉಪಾಯ ಮನೆಯಲ್ಲಿ ನಡೆಯಿತು. ಕ್ಲಾಸಿನಲ್ಲೂ ಅರ್ಧಕ್ಕರ್ಧ ನಡೆಯಿತು. ನಡೆಯದೆ ಹೋದದ್ದು ಆಟದ ಬಯಲಿನಲ್ಲಿ. ಅರ್ಪಿತಾ ಖೋಖೋ ಆಡುವವಳು. ಸಪೂರ ಹುಡುಗಿ, ಓಟದಲ್ಲಿ ಚುರುಕು. ಡ್ರಿಲ್ ಮಾಸ್ತರು ತ್ರ್ಯಂಬಕ ಹೋದ ವರ್ಷವೇ ಅವಳನ್ನು ಟೀಮಿಗೆ ಆರಿಸಿದ್ದರು. ಆದರೆ ಖೋಖೋದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರಬೇಕು. ಹಿಂದಿನಿಂದ ಬೆನ್ನು ತಟ್ಟಿ 'ಖೋ' ಅಂದ ಗಳಿಗೆಗೆ ಚಿಮ್ಮಿ ಓಡಬೇಕು. ಕಾಲ್ಬೆರಳು ಆಡಿಸುತ್ತಾ ಕೂರಲು ಅಲ್ಲಿ ಪುರುಸೊತ್ತಿಲ್ಲ. ಖೋ ಕೊಟ್ಟಾಗೆಲ್ಲ ಅರ್ಪಿತಾ ಎದ್ದು, ಸೊಟ್ಟಗಾಗಿ, ಕಂಬದ ಹತ್ತಿರ ಮುಗ್ಗರಿಸುವಳು. ತ್ರ್ಯಂಬಕ ಮಾಸ್ತರು ಮೊದಮೊದಲು ಬೈದರು, ನಾಟಕ ಅಂದರು, ಎರಡು ವಾರ ಹೊರಗೆ ಕೂರಿಸಿದರು. ಆಮೇಲೆ ಒಂದು ದಿನ ಆಟದ ಮಧ್ಯೆ ಅಲ್ಲ, ಸುಮ್ಮನೆ ಬೆಲ್ ಹೊಡೆದಾಗ ಅವಳು ಎದ್ದು ತಿರುಚಿಕೊಂಡದ್ದನ್ನು ದೂರದಿಂದ ಕಂಡರು. ಯಾರೂ ತನ್ನನ್ನು ನೋಡುತ್ತಿಲ್ಲ ಎಂದು ಅವಳು ತಿಳಿದಿದ್ದ ಹೊತ್ತು ಅದು. ಅದೇ ದಿನ ಮನೆಗೆ ಬಂದು ಪ್ರದೀಪನಿಗೆ, "ಡಾಕ್ಟ್ರಿಗೆ ತೋರ್ಸಿ. ನಾನು ತಪ್ಪು ತಿಳ್ಕಂಡಿದ್ದೆ" ಎಂದರು.

ಮೊದಲು ತೋರಿಸಿದ ಡಾಕ್ಟರು ಮೂರ್ಛೆರೋಗ ಎಂದು ಒಂದು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದರೆ ಹುಡುಗಿ ಬೆಳಿಗ್ಗೆಯೂ ತೂಕಡಿಸುವಳು, ಗಣಿತದ ಪಿರಿಯಡ್ಡಿನಲ್ಲಿ ಮಲಗುವಳು. ತಿರುಚುವುದು ಮಾತ್ರ ಹಾಗೇ ಇತ್ತು. ಕಮಲಕ್ಕ ಅಷ್ಟರಲ್ಲಿ ಎಲ್ಲೆಲ್ಲಿಗೋ ಹರಕೆ ಹೊತ್ತಾಗಿತ್ತು. "ಪರಮಶಿವಯ್ಯ ಇನ್ನೂ ಇದ್ದಾನಂತೆ" ಎಂದು ಅವಳು ಒಂದು ದಿನ ಅಂದಾಗ ಮಾಲತಿ ಅಡುಗೆಮನೆಯಿಂದ ಹೊರಗೆ ಬಂದು, "ಅಲ್ಲಿಗೆ ಬ್ಯಾಡ" ಎಂದಳು. ಅಷ್ಟೇ ಅಂದದ್ದು. ಕಮಲಕ್ಕ ಮತ್ತೆ ಆ ಮಾತು ಎತ್ತಲಿಲ್ಲ.

ಕೊಪ್ಪದಲ್ಲಿ ಮಕ್ಕಳ ಡಾಕ್ಟರು ಒಬ್ಬರು ಬಂದಿದ್ದಾರೆ, ನೀಲಾಂಬಿಕೆ ಎಂದು, ಕೂರಿಸಿಕೊಂಡು ಕೇಳುತ್ತಾರೆ ಎಂದು ತ್ರ್ಯಂಬಕ ಮಾಸ್ತರೇ ಹೇಳಿದರು. ನವರಾತ್ರಿಗೆ ಮೊದಲು ಒಂದು ಬುಧವಾರ ಪ್ರದೀಪ, ಕಮಲಕ್ಕ, ಮಾಲತಿ ಹುಡುಗಿಯನ್ನು ಕರೆದುಕೊಂಡು ಕೊಪ್ಪದ ಬಸ್ಸು ಹತ್ತಿದರು. ವನಜ ಕೂಲಿ ತಪ್ಪಿಸುವ ಹಾಗಿರಲಿಲ್ಲ.

ಡಾಕ್ಟರಿಗೆ ಐವತ್ತರ ಆಚೀಚೆ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಹಳೆಯ ಚೀಟಿಗಳನ್ನೆಲ್ಲ ನೋಡಿದರು. ಆಮೇಲೆ ಅವನ್ನು ಬದಿಗಿಟ್ಟು ಹುಡುಗಿಯನ್ನೇ ಕೇಳಿದರು.

"ನಿನಗೆ ಅದು ಬರೋ ಮೊದಲು ಗೊತ್ತಾಗುತ್ತಾ?"

"ಕಾಲು ಜುಂ ಅನ್ನುತ್ತೆ."

"ಬಂದಾಗ ಮಾತು ಕೇಳಿಸುತ್ತಾ?"

"ಕೇಳುತ್ತೆ. ಮಾತಾಡೂಕೆ ಆಗಲ್ಲ."

"ನನ್ನೆದುರು ಒಮ್ಮೆ ಎದ್ದು ನಿಲ್ಲು, ನೋಡೋಣ."

ಅರ್ಪಿತಾ ಎದ್ದು ನಿಂತಳು. ಏನೂ ಆಗಲಿಲ್ಲ. ಇನ್ನೊಮ್ಮೆ ಕೂತು ಎದ್ದಳು. ಆಗಲೂ ಆಗಲಿಲ್ಲ. ಕಮಲಕ್ಕನಿಗೆ ಅವಮಾನವಾದಂತಾಗಿ, "ಬಸ್ಸಿಳಿಯುವಾಗ ಈಗಷ್ಟೇ ಬಂದಿತ್ತು ಅಮ್ಮ, ಸುಳ್ಳಲ್ಲ" ಎಂದಳು.

"ಸುಳ್ಳು ಅನ್ನಲಿಲ್ಲ ನಾನು. ಒಮ್ಮೆ ಬಂದ ಮೇಲೆ ಸ್ವಲ್ಪ ಹೊತ್ತು ಬರಲಿಕ್ಕಿಲ್ಲ" ಎಂದು ಡಾಕ್ಟರು ಹುಡುಗಿಯನ್ನು ಗೋಡೆ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಆಮೇಲೆ ಕಮಲಕ್ಕನ ಹತ್ತಿರ ಅವಳ ಮಂಡಿನೋವಿನ ವಿಷಯ ಮಾತಾಡತೊಡಗಿದರು. ಯಾವ ಎಣ್ಣೆ ತಿಕ್ಕುತ್ತೀರಿ, ಗುಡ್ಡ ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ ಎಂದೆಲ್ಲ. ಹುಡುಗಿ ಕಿಟಕಿಯ ಆಚೆ ನಿಂತಿದ್ದ ಟೆಂಪೋ ನೋಡುತ್ತಾ ಮೈಮರೆತಿದ್ದಳು. ಡಾಕ್ಟರು ತಲೆ ತಿರುಗಿಸದೆಯೇ, "ಅರ್ಪಿತಾ, ಓಡು, ಆ ಬಾಗಿಲು ಹಾಕಿ ಬಾ" ಎಂದರು.

ಹುಡುಗಿ ಚಿಮ್ಮಿದಳು. ಬಾಗಿಲು ತಲುಪುವ ಮೊದಲೇ ಕೈ ತಿರುಚಿತು, ಬಾಯಿ ಎಳೆಯಿತು, ಬಲಗಾಲು ಹೊರಕ್ಕೆ ಹೊರಳಿತು. ಡಾಕ್ಟರು ಅಷ್ಟರಲ್ಲಿ ಅವಳ ಹತ್ತಿರ ನಿಂತಿದ್ದರು. ಭುಜ ಹಿಡಿದು, ಕಿವಿಯ ಹತ್ತಿರ ಬಾಗಿ, "ಗೇರುಬೀಜ" ಎಂದರು. ಅದು ಬಿಟ್ಟ ಕೂಡಲೆ ಕೇಳಿದರು: "ನಾನೇನು ಹೇಳಿದೆ?"

"ಗೇರುಬೀಜ" ಎಂದಳು ಅರ್ಪಿತಾ.

ಡಾಕ್ಟರು ಕುರ್ಚಿಗೆ ಮರಳಿ ಕೂತರು. "ಫಿಟ್ಸಾಗಿದ್ದರೆ ಇವಳಿಗೆ ಆ ಮಾತು ನೆನಪಿರೋದು ಕಷ್ಟ. ಇದು ಬೇರೆ ಕಾಯಿಲೆ ಇರಬೇಕು. ಮೈ ಚಲನೆ ಶುರು ಮಾಡಿದ ಕೂಡಲೇ ಬರುವಂಥದ್ದು. ಅಪರೂಪ. ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡ್ತಾ ಇರೋದು ಇದೇ ಮೊದಲು." ಆಮೇಲೆ ಮೂವರನ್ನೂ ನೋಡಿ, "ಇದು ಕೆಲವು ಮನೆತನದಲ್ಲಿ ಬರುತ್ತೆ. ನಿಮ್ಮ ಪೈಕಿ ಯಾರಿಗಾದರೂ ಇತ್ತಾ?" ಎಂದರು.

"ಇಲ್ಲ" ಎಂದಳು ಕಮಲಕ್ಕ. ಪ್ರಶ್ನೆ ಮುಗಿಯುವ ಮೊದಲೇ ಅವಳ ಉತ್ತರ ಬಂದಿತ್ತು. "ನಮ್ಮಲ್ಲಿ ಯಾರಿಗೂ ಇಲ್ಲ."

ಪ್ರದೀಪ ಕೈಯಲ್ಲಿದ್ದ ಕೊಡೆಯ ಹಿಡಿಕೆ ನೋಡುತ್ತಿದ್ದ.

ಮಾಲತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಮಾತಾಡಬೇಕೆಂಬ ನಿರ್ಧಾರವೇನೂ ಇರಲಿಲ್ಲ. ಆದರೆ ಡಾಕ್ಟರು ಹುಡುಗಿಯ ಕಿವಿಯಲ್ಲಿ ಒಂದು ಮಾತು ಹೇಳಿ ಅದನ್ನು ವಾಪಸು ಕೇಳಿದ್ದು ಅವಳೊಳಗೆ ನಿಂತುಬಿಟ್ಟಿತ್ತು. ಅಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ನಿನಗೆ ಎಚ್ಚರ ಇರುತ್ತದಾ ಎಂದೂ ಕೇಳಿರಲಿಲ್ಲ.

"ನಂಗೆ ಇತ್ತು" ಎಂದಳು.

ಕಮಲಕ್ಕ, "ಮಾಲತೀ" ಎಂದಳು ಮೆಲ್ಲಗೆ.

"ಹದಿಮೂರರಿಂದ ಇತ್ತು. ಮೂವತ್ತಾದ ಮೇಲೆ ಬಿಟ್ಟೋಯ್ತು. ಇದೇ ಕೈ, ಇದೇ ಕಾಲು. ಅಂಗಾಲು ಜುಂ ಅನ್ನೂದು."

ಡಾಕ್ಟರು ಅವಳಿಗೆ ಕೂರಲು ಹೇಳಿ ಒಂದೊಂದಾಗಿ ಕೇಳಿದರು. ದಿನಕ್ಕೆ ಎಷ್ಟು ಸಲ, ಗಾಬರಿಯಾದರೆ ಹೆಚ್ಚಾ, ನಿದ್ದೆಯಲ್ಲಿ ಬರುತ್ತಿತ್ತಾ. ಮಾಲತಿ ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ನೆನಪಿಲ್ಲದ್ದನ್ನು ನೆನಪಿಲ್ಲ ಅಂದಳು. ಅರ್ಪಿತಾ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

ಡಾಕ್ಟರು ಮಣಿಪಾಲದಲ್ಲಿ ತಮ್ಮ ಜೊತೆ ಓದಿದ ನರರೋಗದ ತಜ್ಞರೊಬ್ಬರಿಗೆ ಫೋನು ಮಾಡಿದರು. ರಕ್ತದಲ್ಲಿ ಸುಣ್ಣದ ಅಂಶ ಕಡಿಮೆಯಾದರೂ ಹೀಗೆ ಕೈ ಸೆಟೆಯುವುದುಂಟು, ಅದನ್ನು ನೋಡಬೇಕು. ತಲೆಗೆ ತಂತಿ ಹಚ್ಚಿ ಮಾಡುವ ಪರೀಕ್ಷೆಯೂ ಆಗಲಿ ಎಂದು ಆ ಕಡೆಯಿಂದ ಉತ್ತರ ಬಂತು. ಮಣಿಪಾಲಕ್ಕೆ ಹೋಗಿ ಎರಡನ್ನೂ ಮಾಡಿಸಿಕೊಂಡು ಬಂದರು. ಎಲ್ಲ ಸರಿಯಿತ್ತು. ನೀಲಾಂಬಿಕೆ ಹಳೆಯ ಮಾತ್ರೆಯನ್ನು ಹಂತಹಂತವಾಗಿ ಬಿಡಿಸಿ ಹೊಸದನ್ನು ಬರೆದರು, ಬಹಳ ಸಣ್ಣ ಪ್ರಮಾಣದಲ್ಲಿ. ಬರೆಯುವಾಗ ಎರಡು ಮಾತು ಒತ್ತಿ ಹೇಳಿದರು. ಒಂದು, ಇದು ಫಿಟ್ಸಿಗೂ ಕೊಡುವ ಮಾತ್ರೆ, ಆದರೆ ಇವಳಿಗೆ ಫಿಟ್ಸ್ ಇಲ್ಲ. ಎರಡು, ಕೆಲವರಿಗೆ ಇದು ಮೈಗೆ ಹಿಡಿಸುವುದಿಲ್ಲ. ಮೈಮೇಲೆ ಗಂಧೆ ಎದ್ದರೆ, ಬಾಯಿ ಹುಣ್ಣಾದರೆ, ಜ್ವರ ಬಂದರೆ ಒಂದು ಹೊತ್ತೂ ಕಾಯದೆ ನಿಲ್ಲಿಸಿ ಕರೆದುಕೊಂಡು ಬರಬೇಕು.

ಮಾಲತಿ ದಿನಾ ಬೆಳಿಗ್ಗೆ ಹುಡುಗಿಯ ಬೆನ್ನು ನೋಡುವಳು, ನಾಲಿಗೆ ಚಾಚಲು ಹೇಳುವಳು. ಗಂಧೆ ಏಳಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಂದು ದಿನ ಅರ್ಪಿತಾ ಶಾಲೆಯಿಂದ ಬಂದು ಚೀಲ ಬಿಸಾಡಿ, "ಇವತ್ತು ಒಂದೂ ಬರ್ಲಿಲ್ಲ" ಎಂದಳು. ವನಜ ಒಲೆ ಊದುತ್ತಿದ್ದವಳು ಊದುವುದನ್ನು ನಿಲ್ಲಿಸಿದಳು. ಕಮಲಕ್ಕ ಹೊರಗೆ ಹೋಗಿ ತುಳಸಿಗೆ ಕೈಮುಗಿದು ಬಂದಳು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ.

ತಿಂಗಳು ಬಿಟ್ಟು ಮತ್ತೆ ಕೊಪ್ಪಕ್ಕೆ ಹೋದಾಗ ಡಾಕ್ಟರಿಗೆ ಸಂತೋಷವಾಯಿತು. ಹುಡುಗಿಯನ್ನು ಬಾಗಿಲ ತನಕ ಐದಾರು ಸಲ ಓಡಿಸಿ ನೋಡಿದರು. ಪ್ರದೀಪ ಹುಡುಗಿಯನ್ನು ಕರೆದುಕೊಂಡು ಔಷಧಿ ಅಂಗಡಿಗೆ ಹೋದ ಮೇಲೆ ಮಾಲತಿ ಹಿಂದೆ ಉಳಿದಳು.

"ಒಂದು ಕೇಳ್ಬೇಕಿತ್ತು ಅಮ್ಮ. ನಾ ಸಣ್ಣವಳಿದ್ದಾಗ ಈ ಮಾತ್ರೆ ಇತ್ತಾ?"

ಡಾಕ್ಟರು ಕನ್ನಡಕ ತೆಗೆದರು. ಸುಳ್ಳು ಹೇಳಬಹುದಿತ್ತು. "ಇತ್ತು" ಎಂದರು. "ಇದು ಹಳೇ ಮಾತ್ರೆ."

"ಬಾಳೆಹೊನ್ನೂರು, ಕೊಪ್ಪದಲ್ಲೆಲ್ಲ ಸಿಕ್ತಿತ್ತಾ?"

"ಶಿವಮೊಗ್ಗದಲ್ಲಿ ಸಿಗುತ್ತಿತ್ತು. ಆದರೆ ಇದಕ್ಕೆ ಅದು ಅಂತ ಗುರುತು ಹಿಡಿಯೋರು ಬೇಕಲ್ಲ."

ಮಾಲತಿ ತಲೆಯಾಡಿಸಿದಳು. ಹೊರಗೆ ಬೆಂಚಿನ ಮೇಲೆ ಸುಮಾರು ಮಕ್ಕಳು ಕಾಯುತ್ತಿದ್ದರು. ಮಾಲತಿ ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದಳು. ಶೃಂಗೇರಿ ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಅಳು ಬರಬಹುದು ಅನಿಸಿತ್ತು. ಬರಲಿಲ್ಲ. ಹರಿಹರಪುರ ದಾಟುವಾಗ ಪ್ರದೀಪ ಕಡಲೆಬೀಜದ ಪೊಟ್ಟಣ ಚಾಚಿದ. ತೆಗೆದುಕೊಂಡು ತಿಂದಳು.

ಅಡಿಕೆ ಸುಗ್ಗಿ ಶುರುವಾದ ಮೇಲೆ ಆದದ್ದು ಬೇರೆ. ಪಕ್ಕದ ಮನೆಯ ಸುಲೋಚನಮ್ಮ ಉಪ್ಪು ಕೇಳಲು ಬಂದವಳು ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿ ಕಂಡಳು. ಅವಳ ತಂಗಿಯ ಮಗನಿಗೆ ಫಿಟ್ಸು. ಅವನು ನುಂಗುವುದೂ ಅದೇ ಬಣ್ಣದ ಅದೇ ಮಾತ್ರೆ. ಸುಲೋಚನಮ್ಮ ಕೆಟ್ಟವಳಲ್ಲ. ಪಾಪ, ಹುಡುಗಿಗೆ ಹೀಗಂತೆ ಎಂದು ಕನಿಕರದಿಂದಲೇ ನಾಲ್ಕು ಜನರಿಗೆ ಹೇಳಿದಳು. ಕನಿಕರದ ಮಾತು ಬೇಗ ಊರು ಸುತ್ತುತ್ತದೆ. ಪ್ರದೀಪನನ್ನು ತೋಟದಲ್ಲಿ ಅಡಿಕೆ ಕೊನೆ ಹೊರುವಾಗ ಯಾರೋ ವಿಚಾರಿಸಿದರು. ಅವನು ಮನೆಗೆ ಬಂದವನೇ ಮಾತ್ರೆಯ ಪಟ್ಟಿಯನ್ನು ತೆಗೆದು ಮಾಡಿನ ಸಂದಿಗೆ ಸಿಕ್ಕಿಸಿದ. "ಗುಣ ಆಯ್ತಲ್ಲ. ಇನ್ನು ಸಾಕು" ಎಂದ.

ಮಾಲತಿ ಆಗಲೂ ಸುಮ್ಮನಿದ್ದಳು. ಗುಣವಾಗಿದ್ದರೂ ಇರಬಹುದು ಎಂಬ ಆಸೆ ಅವಳಿಗೂ ಇತ್ತು.

ಒಂದು ವಾರ ಆಗಿರಲಿಲ್ಲ. ಶೃಂಗೇರಿಯಲ್ಲಿ ಬಸ್ಸಿನಿಂದ ಇಳಿಯಲು ಅರ್ಪಿತಾ ಸೀಟು ಬಿಟ್ಟು ಎದ್ದಾಗ ಅದು ಬಂತು. ಮೆಟ್ಟಿಲಿನಿಂದ ಕೆಳಗೆ ಬಿದ್ದಳು. ಗದ್ದ ಒಡೆದು ಹೊಲಿಗೆ ಹಾಕಬೇಕಾಯಿತು. ಬಸ್ಸು ನಿಂತಿತ್ತು, ಅದು ಪುಣ್ಯ.

ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಮಾಲತಿ ಅಣ್ಣನ ಎದುರು ಕೂತಳು.

"ಆ ಮಾತ್ರೆ ಕೆಳಗೆ ತೆಗಿ" ಎಂದಳು.

"ನಾಳೆ ಮದ್ವೆ ಹೊತ್ತಿಗೆ ಎಂತ ಹೇಳೂದು? ಫಿಟ್ಸಿನ ಮಾತ್ರೆ ತಗಂಬ ಹುಡುಗಿ ಅಂತ ಈಗ್ಲೇ ಊರೆಲ್ಲ ಆಡ್ತಾ ಉಂಟು."

"ನಾ ಒಂದು ಮಾತ್ರೆನೂ ನುಂಗಿರ್ಲಿಲ್ಲ ಅಣ್ಣ. ನಂಗೆ ಆ ಹೆಸ್ರು ಬರ್ಲಿಲ್ವಾ?"

ಪ್ರದೀಪ ಮಾಡಿನ ಕಡೆ ನೋಡಿದ.

"ಹಸೆ ಮೇಲೆ ನನ್ನ ಕೈ ತಿರುಚಿದಾಗ ನೀ ಅಲ್ಲೇ ನಿಂತಿದ್ದೆ. ನೋಡಿದ್ದೆ. ಹೆಸ್ರು ಬರೂದು ಬಂದಾಯ್ತು. ಗುಣ ಆಗೂದಾದ್ರೂ ಆಗ್ಲಿ ಅವ್ಳಿಗೆ."

ಕಮಲಕ್ಕ ಒಳಗಿನಿಂದ, "ಅವ್ಳು ಹೇಳೂದು ಸರಿ ಉಂಟು ಮಾರಾಯ" ಎಂದಳು. ಇಷ್ಟು ವರ್ಷದಲ್ಲಿ ಆ ವಿಷಯದಲ್ಲಿ ಕಮಲಕ್ಕ ಮಗಳ ಪರವಾಗಿ ಆಡಿದ ಮೊದಲ ಮಾತು ಅದು. ಪ್ರದೀಪ ಸ್ಟೂಲು ಹಾಕಿಕೊಂಡು ಮಾಡಿನ ಸಂದಿಯಿಂದ ಪಟ್ಟಿ ತೆಗೆದ. ಮಾತ್ರೆ ಕೊಟ್ಟವಳು ವನಜ. ಮತ್ತೆ ಕೊಪ್ಪಕ್ಕೆ ಹೋದಾಗ ಡಾಕ್ಟರು ಪ್ರದೀಪನಿಗೆ ಬೈದರು. ಅವನು ಬೈಸಿಕೊಂಡ.

ಅದರ ಮರುದಿನ ಸುಲಿಯುವ ಚಪ್ಪರದಲ್ಲಿ ಮಾಲತಿ ಸುಲೋಚನಮ್ಮನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಅಡಿಕೆ ಸುಲಿಯುತ್ತಲೇ, ಯಾರ ಮುಖವನ್ನೂ ನೋಡದೆ, ತನ್ನ ಕತೆ ಹೇಳಿದಳು. ಶಾಲೆ ಬಿಟ್ಟದ್ದು, ಮೆಣಸಿನ ಹೊಗೆ, ನರಸಿಂಹರಾಜಪುರಕ್ಕೆ ಹೋಗಿ ಬಂದದ್ದು. ಗಂಡ ಸತ್ತವಳು ಎಂದೇ ಅಷ್ಟು ದಿನ ಅವಳನ್ನು ತಿಳಿದಿದ್ದ ಹೆಂಗಸರ ಕೈಗಳು ಸ್ವಲ್ಪ ಹೊತ್ತು ನಿಂತವು. "ಅರ್ಪಿಗಿರೂದು ನಂದೇ ಸೀಕು, ಫಿಟ್ಸಲ್ಲ. ಡಾಕ್ಟ್ರು ಪರೀಕ್ಷೆ ಮಾಡಿ ನೋಡಿದಾರೆ. ಯಾರಾದ್ರೂ ಕೇಳಿದ್ರೆ ಹಾಂಗೇ ಹೇಳಿ" ಎಂದು ಮುಗಿಸಿದಳು.

"ನಂಗೆಂತ ಗೊತ್ತಿತ್ತು ಮಾರಾಯ್ತಿ" ಎಂದಳು ಸುಲೋಚನಮ್ಮ. ಅವಳ ಕಣ್ಣು ಕೆಂಪಾಗಿತ್ತು.

"ನಿಂಗೆ ಗೊತ್ತಾಗ್ಲಿ ಅಂತ್ಲೇ ಹೇಳಿದ್ದು."

ಆಚೆ ಮೂಲೆಯಿಂದ ಒಬ್ಬಳು, "ಅದಕ್ಕಾ ನೀ ಹಾಂಗೆ ಏಳೂದು?" ಎಂದಳು. ಮಾಲತಿ ಹೂಂ ಅಂದಳು. ಮತ್ತೆ ಸುಲಿಯುವ ಸದ್ದು ಶುರುವಾಯಿತು. ಅಂದಿನಿಂದ ಎಮ್ಮೆಯ ಮಾತು ಚಪ್ಪರದಲ್ಲಿ ಕೇಳಿಸಲಿಲ್ಲ. ಊರಿನ ಮಾತು ಪೂರ್ತಿ ನಿಂತಿತೆಂದು ಹೇಳಲಾಗದು. ಆದರೆ ಎರಡು ಬಗೆಯ ಮಾತು ಇದ್ದಾಗ ಜನ ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ.

ಆ ವರ್ಷ ಶಾಲೆಗಳ ಜಿಲ್ಲಾ ಮಟ್ಟದ ಆಟ ನರಸಿಂಹರಾಜಪುರದಲ್ಲಿ ನಡೆಯಿತು. ಅರ್ಪಿತಾಳ ಟೀಮು ತಾಲೂಕಿನಲ್ಲಿ ಗೆದ್ದಿತ್ತು. ಹುಡುಗಿಯರ ಜೊತೆಗೆ ಒಬ್ಬ ಹೆಂಗಸು ಬೇಕು, ಟೀಚರು ಹೆರಿಗೆ ರಜೆಯಲ್ಲಿದ್ದಾರೆ, ನೀವು ಬರುತ್ತೀರಾ ಎಂದು ತ್ರ್ಯಂಬಕ ಮಾಸ್ತರು ಮಾಲತಿಯನ್ನು ಕೇಳಿದರು. ಯಾವ ಊರು ಎಂದು ಕೇಳಿ ತಿಳಿದ ಮೇಲೂ ಅವಳು ಹೂಂ ಅಂದಳು.

ಮೊದಲ ಪಂದ್ಯ ಗೆದ್ದರು, ಎರಡನೆಯದರಲ್ಲಿ ಸೋತರು. ಅರ್ಪಿತಾ ಖೋ ಸಿಕ್ಕಾಗೆಲ್ಲ ಸರಿಯಾಗಿ ಎದ್ದಳು, ಸರಿಯಾಗಿ ಓಡಿದಳು. ತಾನು ಅಟ್ಟಿಸಿಕೊಳ್ಳುವ ಸರದಿ ಬಂದಾಗ ಮೈದಾನದ ಗೆರೆ ಕಡೆಗೆ ಗಮನವಿಲ್ಲದೆ ಹೊರಗೆ ಕಾಲಿಟ್ಟು ಔಟಾದಳು. ಮಾಸ್ತರು ಎಲ್ಲರಿಗೂ ಬೈದ ಹಾಗೆ ಅವಳಿಗೂ ಬೈದರು. ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಬಂದು ಅತ್ತೆಯ ಪಕ್ಕ ಕೂತಳು. "ಗೆರೆ ನೋಡ್ಬೇಕಿತ್ತು" ಎಂದಳು ಮಾಲತಿ. "ಹೌದು" ಎಂದಳು ಅರ್ಪಿತಾ.

ಸಂಜೆ ಬಸ್ಸಿಗೆ ಕಾಯುವಾಗ ಒಬ್ಬ ಗಂಡಸು ಸಣ್ಣ ಮೊಮ್ಮಗುವನ್ನು ಎತ್ತಿಕೊಂಡು ಸ್ವಲ್ಪ ದೂರದಲ್ಲಿ ನಿಂತು ಇವಳನ್ನೇ ನೋಡುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಮಾಲತಿಗೆ ಮೊದಲು ಗುರುತಾಗಲಿಲ್ಲ. ಅವನೇ ಹತ್ತಿರ ಬಂದ.

"ಮಾಲತಿ ಅಲ್ವಾ?"

"ಹೌದು" ಎಂದಳು. ಆಮೇಲೆ ಅವನು ವಾಸಪ್ಪ ಎಂದು ತಿಳಿಯಿತು.

"ಆರಾಮಾ?"

"ಆರಾಮು. ಅಣ್ಣನ ಮಗಳ ಆಟ ಇತ್ತು." ಸ್ವಲ್ಪ ತಡೆದು ಹೇಳಿದಳು: "ನಂಗೆ ಇದ್ದದ್ದು ಫಿಟ್ಸ್ ಅಲ್ಲ. ಬೇರೆ ಸೀಕು. ಈಗ ಗೊತ್ತಾಯ್ತು."

ವಾಸಪ್ಪ ಮಗುವನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡ. "ಹೌದಾ. ನಮ್ಗೆ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ."

ಬಸ್ಸು ಬಂತು. ಅವನು ಹುಡುಗಿಯರ ಚೀಲಗಳನ್ನು ಹತ್ತಿಸಲು ಒಂದು ಕೈಯಲ್ಲಿ ಸಹಾಯ ಮಾಡಿದ. ಯಾರದು ಎಂದು ಅರ್ಪಿತಾ ಕೇಳಿದಳು. ಗುರುತಿನವರು ಎಂದಳು ಮಾಲತಿ.

ಅರ್ಪಿತಾ ಎಸ್ಸೆಸ್ಸೆಲ್ಸಿ ಮುಗಿಸಿ ಕೊಪ್ಪದಲ್ಲಿ ಕಾಲೇಜಿಗೆ ಸೇರಿದಳು. ನಡುವೆ ಒಮ್ಮೆ ಡಾಕ್ಟರು ಮಾತ್ರೆ ಕಡಿಮೆ ಮಾಡಿ ನೋಡಿದರು. ಅದು ಮತ್ತೆ ಇಣುಕಿತು, ಮತ್ತೆ ಮೊದಲಿನಷ್ಟೇ ಮಾಡಿದರು. ವಯಸ್ಸಾದ ಹಾಗೆ ಬೇಡವಾಗಬಹುದು, ನಿನ್ನ ಅತ್ತೆಗೆ ಆದ ಹಾಗೆ, ಎಂದರು. ಅರ್ಪಿತಾಗೆ ಮಾತ್ರೆಯಿಂದ ಗುಣವಾದ ಸುದ್ದಿ ಸುತ್ತಲ ಊರುಗಳಿಗೆ ಹಬ್ಬಿದ್ದರಿಂದಲೇ ಸಿರಿಮನೆಯ ಚಿಕ್ಕಕ್ಕ ಎಂಬ ಮುದುಕಿ ಒಂದು ಬೆಳಿಗ್ಗೆ ಮಾಲತಿಯನ್ನು ಹುಡುಕಿಕೊಂಡು ಬಂದದ್ದು. ಜೊತೆಗೆ ಎಂಟು ವರ್ಷದ ಮೊಮ್ಮಗಳು ಅಮೂಲ್ಯಾ. ಮಗುವಿನ ಕೈಬೆರಳುಗಳು ಒಂದು ಗಳಿಗೆ ನಿಲ್ಲುತ್ತಿರಲಿಲ್ಲ; ಕಾಣದ ದಾರವನ್ನು ಬಿಡಿಸುವ ಹಾಗೆ ಆಡುತ್ತಲೇ ಇದ್ದವು. ಹುಬ್ಬು ಏರುವುದು, ಇಳಿಯುವುದು. ಕೊಟ್ಟ ನೀರಿನ ಲೋಟ ಕೈಜಾರಿ ಬಿತ್ತು. ಅಕ್ಷರ ಸೊಟ್ಟ ಬರೆಯುತ್ತಾಳೆಂದು ಶಾಲೆಯಲ್ಲಿ ಹೊಡೆಯುತ್ತಾರಂತೆ.

"ನಿಮ್ಮ ಹುಡುಗಿಗೆ ಕೊಟ್ಟ ಮಾತ್ರೆ ಯಾವ್ದು ಅಂತ ಹೇಳು. ತಂದು ಕೊಡ್ತೆ" ಎಂದಳು ಚಿಕ್ಕಕ್ಕ.

ಮಾಲತಿ ಮಗುವನ್ನು ಬಹಳ ಹೊತ್ತು ನೋಡಿದಳು. "ನಮ್ದು ಎದ್ದಾಗ ಮಾತ್ರ ಬಪ್ಪುದು. ಇದಕ್ಕೆ ಕೂತಾಗ್ಲೂ ಉಂಟು. ಇದೆಂತ ಅಂತ ನಂಗೆ ಗೊತ್ತಿಲ್ಲ ಅಮ್ಮ. ಮಾತ್ರೆ ಹೆಸ್ರು ಹೇಳೂದಿಲ್ಲ. ನಾಳೆ ಕೊಪ್ಪಕ್ಕೆ ಹೋಪ, ನಾನೂ ಬತ್ತೆ."

ಚಿಕ್ಕಕ್ಕನಿಗೆ ಸ್ವಲ್ಪ ಸಿಟ್ಟು ಬಂತು. ಆದರೂ ಮರುದಿನ ಬಂದಳು. ಡಾಕ್ಟರು ಮಗುವಿನ ಕೈಗಳನ್ನು ನೋಡಿ, ಮೊದಲು ಕೇಳಿದ್ದು ಗಂಟಲಿನ ವಿಷಯ. ಎರಡು ಮೂರು ತಿಂಗಳ ಹಿಂದೆ ಗಂಟಲು ನೋವು, ಜ್ವರ ಬಂದಿತ್ತಾ? ಬಂದಿತ್ತು. ಆಮೇಲೆ ಮಂಡಿ, ಕೀಲು? ಅದೂ ನೋಯುತ್ತಿತ್ತಂತೆ. ಎದೆಗೆ ಕೊಳವೆ ಇಟ್ಟು ಕಣ್ಣುಮುಚ್ಚಿ ಕೇಳಿದರು, ಎರಡು ಸಲ ಕೇಳಿದರು. ಎದೆಯ ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಬರೆದುಕೊಟ್ಟರು.

"ಇದು ಬೇರೆ" ಎಂದರು. "ಗಂಟಲಿನ ನಂಜಿನಿಂದ ಬರೋದು. ಕೈ ಆಡೋದು ಕೆಲವು ತಿಂಗಳಲ್ಲಿ ನಿಲ್ಲುತ್ತೆ, ಅದಕ್ಕೆ ಔಷಧಿ ಕೊಡ್ತೀನಿ. ಹೃದಯಕ್ಕೂ ಸ್ವಲ್ಪ ತಗುಲಿದ ಹಾಗಿದೆ. ಅದು ಹೆಚ್ಚಾಗದ ಹಾಗೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಬೇಕು. ದೊಡ್ಡವಳಾಗೋ ತನಕ ಬೇಕು."

"ಒಂದು ಮಾತ್ರೆ ಸಾಕಾಗೂದಿಲ್ವಾ, ಇವ್ರ ಮನೆ ಹುಡುಗಿ ಹಾಂಗೆ?" ಎಂದು ಚಿಕ್ಕಕ್ಕ ಮಾಲತಿಯನ್ನು ತೋರಿಸಿದಳು.

"ಇಲ್ಲ" ಎಂದರು ಡಾಕ್ಟರು.

ಮೊದಲ ಇಂಜೆಕ್ಷನ್ನಿಗೆ ಮಗು ಅತ್ತು ಹೊರಳಾಡಿತು. ಹಿಡಿದುಕೊಂಡವಳು ಮಾಲತಿ. ಆಮೇಲೆ ಅಜ್ಜಿ, ಮೊಮ್ಮಗಳು ಕಿಗ್ಗದಿಂದ ಬರುವ ಬಸ್ಸು ಶೃಂಗೇರಿಗೆ ಮುಟ್ಟುವ ಹೊತ್ತಿಗೆ ಮಾಲತಿ ಸ್ಟ್ಯಾಂಡಿನಲ್ಲಿ ಕಾದು ನಿಲ್ಲುವುದು, ಮೂವರೂ ಕೊಪ್ಪದ ಬಸ್ಸು ಹಿಡಿಯುವುದು ರೂಢಿಯಾಯಿತು. ದೀಪಾವಳಿಯ ಹೊತ್ತಿಗೆ ಅಮೂಲ್ಯಾಳ ಬೆರಳುಗಳು ಸುಮ್ಮನಾದವು; ಅಕ್ಷರಗಳು ಗೆರೆಯ ಮೇಲೆ ಕೂತವು. ಎದೆಯೊಳಗಿನ ಸದ್ದು ಹೋಗಲಿಲ್ಲ, ಹೆಚ್ಚಲೂ ಇಲ್ಲ. ಕೈ ಸರಿಯಾಯಿತಲ್ಲ, ಇನ್ನು ಚುಚ್ಚಿಸುವುದು ಯಾಕೆ ಎಂದು ಚಿಕ್ಕಕ್ಕ ಒಮ್ಮೆ ತಪ್ಪಿಸಿದಳು. ಮಾಲತಿ ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಕಿಗ್ಗಕ್ಕೆ ಹೋಗಿ, ಅಲ್ಲಿಂದ ಸಿರಿಮನೆಗೆ ನಡೆದು, ಅಂಗಳದಲ್ಲಿ ನಿಂತು, "ಹೊರಡಿ, ಕೊಪ್ಪದಲ್ಲಿ ಆರು ಗಂಟೆ ತನಕ ಡಾಕ್ಟ್ರು ಇರ್ತಾರೆ" ಎಂದಳು. ಮಗು ತಾನೇ ಚಪ್ಪಲಿ ಹಾಕಿಕೊಂಡು ಮುಂದೆ ಹೊರಟಿತು.